ಕುರ್ಚಿ ಖಾಲಿಯಾಗಿತ್ತೇ?

2025ರ ಅಕ್ಟೋಬರ್‌ನಲ್ಲಿ ಕ್ಯಾಂಟರ್‌ಬರಿಯ ಹೊಸ ಆರ್ಚ್‌ಬಿಷಪ್ ಆಗಿ ಸಾರಾ ಮುಲಾಲಿ ಅವರ ಹೆಸರು ಹೊರಬಿತ್ತು. ಒಂದು ಕಾಲದಲ್ಲಿ ನರ್ಸ್ ಆಗಿದ್ದವರು, ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯಾಗಿದ್ದವರು, ಆಮೇಲೆ ಲಂಡನ್ನಿನ ಬಿಷಪ್ ಆದವರು. ಆ ಪೀಠಕ್ಕೆ ಬಂದ ಮೊದಲ ಹೆಂಗಸು. ಇದನ್ನು ಕೇಳಿ ಎಷ್ಟೋ ಜನ ಕಣ್ಣೊರೆಸಿಕೊಂಡರು, ಇನ್ನೆಷ್ಟೋ ಜನ ಇನ್ನು ಕ್ಯಾಂಟರ್‌ಬರಿಗೂ ನಮಗೂ ಸಂಬಂಧವಿಲ್ಲ ಅಂದ್ರು. ಆಫ್ರಿಕಾದ ಕೆಲವು ದೊಡ್ಡ ಆಂಗ್ಲಿಕನ್ ಸಭೆಗಳ ಮುಖಂಡರು ಅದನ್ನು ಬಹಿರಂಗವಾಗಿಯೇ ಹೇಳಿದರು.

ಇವರಲ್ಲಿ ಯಾರು ಸರಿ ಎಂಬ ತೀರ್ಪು ಕೊಡೋದು ಈ ಬರಹದ ಕೆಲಸ ಅಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ. ನೀವು ಹುಟ್ಟಿ ಬೆಳೆದ ಸಭೆಯ ತಲೆಯ ಮೇಲೆ, ನಿಮ್ಮ ಮನಸ್ಸಾಕ್ಷಿ ಒಪ್ಪದ ರೀತಿಯಲ್ಲಿ ಒಬ್ಬ ಹೊಸ ಯಜಮಾನ ಬಂದು ಕೂತಾಗ ನಿಯತ್ತು ಅಂದ್ರೆ ಏನು? ಎದ್ದು ಹೋಗುವುದೇ? ಬಾಯಿ ಮುಚ್ಚಿಕೊಂಡು ಕೂರುವುದೇ? ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕುವುದೇ?

ಇದೇ ಪ್ರಶ್ನೆ ಇದೇ ಸಭೆಯ ಮುಂದೆ ಮುನ್ನೂರು ವರ್ಷಗಳ ಹಿಂದೆಯೂ ಬಂದಿತ್ತು. ಆಗ ಅದಕ್ಕೆ ಉತ್ತರ ಕೊಟ್ಟವರು ಮಾತಿನಲ್ಲಿ ಕೊಡಲಿಲ್ಲ. ಮನೆ, ಸಂಬಳ, ಅರಮನೆ ಎಲ್ಲ ಕಳಕೊಂಡು ಕೊಟ್ಟರು. ಅವರ ಕತೆ ಹೇಳ್ತೀನಿ, ಕೇಳಿ.

1688ನೇ ಇಸವಿ. ಇಂಗ್ಲೆಂಡಿನ ಗಾದಿಯ ಮೇಲೆ ಎರಡನೇ ಜೇಮ್ಸ್ ಇದ್ದ. ಅವನು ಕ್ಯಾಥೊಲಿಕ್, ಆದರೆ ಪ್ರಾಟೆಸ್ಟಂಟ್ ಆದ ಇಂಗ್ಲೆಂಡ್ ಚರ್ಚಿಗೆ ಕಾನೂನಿನ ಪ್ರಕಾರ ಅವನೇ ಮುಖ್ಯಸ್ಥ. ಕ್ಯಾಥೊಲಿಕರ ಮೇಲೂ ಬೇರೆ ಪಂಥದವರ ಮೇಲೂ ಇದ್ದ ನಿರ್ಬಂಧಗಳನ್ನು ತೆಗೆಯುವ ಒಂದು ಘೋಷಣೆ ಹೊರಡಿಸಿ, ಅದನ್ನು ಎಲ್ಲ ಚರ್ಚುಗಳಲ್ಲೂ ಓದಬೇಕು ಅಂತ ಅಪ್ಪಣೆ ಮಾಡಿದ. ಇವತ್ತಿನ ಕಣ್ಣಿಗೆ ಆ ಘೋಷಣೆಯಲ್ಲಿ ತಪ್ಪೇನೂ ಕಾಣೋದಿಲ್ಲ. ಆದರೆ ಪಾರ್ಲಿಮೆಂಟನ್ನು ಪಕ್ಕಕ್ಕಿಟ್ಟು ಕಾನೂನನ್ನೇ ಅಮಾನತು ಮಾಡುವ ಅಧಿಕಾರ ರಾಜನಿಗೆ ಉಂಟಾ? ಜಗಳ ಇದ್ದದ್ದು ಅಲ್ಲಿ.

ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ವಿಲಿಯಂ ಸ್ಯಾಂಕ್ರಾಫ್ಟ್ ಮತ್ತು ಆರು ಜನ ಬಿಷಪ್‌ಗಳು ಓದಲಾರೆವು ಎಂದು ರಾಜನಿಗೆ ವಿನಯದ ಮನವಿ ಬರೆದರು. ಜೇಮ್ಸ್ ಅದನ್ನು ದಂಗೆ ಅಂದ. ಜೂನ್ 8ರಂದು ಏಳೂ ಜನರನ್ನು ದೋಣಿಯಲ್ಲಿ ಕೂರಿಸಿ ಲಂಡನ್ ಟವರ್‌ನ ಸೆರೆಗೆ ಕಳಿಸಿದ. ಥೇಮ್ಸ್ ನದಿಯ ದಂಡೆಯಲ್ಲಿ ಜನ ಮಂಡಿಯೂರಿ ಆಶೀರ್ವಾದ ಬೇಡಿದರು. ಜೂನ್ 29ಕ್ಕೆ ವಿಚಾರಣೆ, 30ರ ಬೆಳಿಗ್ಗೆ ಬಿಡುಗಡೆ. ಊರ ತುಂಬ ಗಂಟೆ, ಬೀದಿ ಬೀದಿಯಲ್ಲಿ ಬೆಂಕಿ ಹಾಕಿ ಸಂಭ್ರಮ. ಹೌನ್ಸ್ಲೋ ಬಯಲಿನಲ್ಲಿ ಬೀಡುಬಿಟ್ಟಿದ್ದ ರಾಜನ ಸ್ವಂತ ಸೈನಿಕರೇ ಕೇಕೆ ಹಾಕಿದರು.

ಅದೇ ದಿನ ಏಳು ಜನ ಗಣ್ಯರು ಹಾಲೆಂಡಿನಲ್ಲಿದ್ದ ವಿಲಿಯಂಗೆ ಗುಟ್ಟಾಗಿ ಪತ್ರ ಬರೆದು ಬಾ ಎಂದು ಕರೆದರು. ಅವರಲ್ಲೊಬ್ಬ ಲಂಡನ್ನಿನ ಬಿಷಪ್ ಹೆನ್ರಿ ಕಾಂಪ್ಟನ್. ವಿಲಿಯಂ ಜೇಮ್ಸನ ಅಳಿಯ, ಹಿರಿಮಗಳು ಮೇರಿಯ ಗಂಡ. ನವೆಂಬರ್ 5ಕ್ಕೆ ಅವನು ಸೈನ್ಯ ಸಮೇತ ಇಳಿದ, ಡಿಸೆಂಬರ್‌ನಲ್ಲಿ ಮಾವ ಫ್ರಾನ್ಸಿಗೆ ಓಡಿಹೋದ. 1689ರ ಫೆಬ್ರವರಿಯಲ್ಲಿ ಮಗಳು-ಅಳಿಯ ಇಬ್ಬರೂ ರಾಣಿ-ರಾಜ ಆದರು.

ಇಲ್ಲಿಗೆ ಸುಖಾಂತ್ಯ ಅಂತ ಶಾಲೆಯ ಪುಸ್ತಕಗಳು ಮುಗಿಸಿಬಿಡುತ್ತವೆ. ನಮ್ಮ ಕತೆ ಶುರುವಾಗೋದೇ ಇಲ್ಲಿಂದ.

ಹೊಸ ಸರ್ಕಾರ ಒಂದು ಕಾನೂನು ತಂತು. ಬಿಷಪ್‌ಗಳು, ಪಾದ್ರಿಗಳು, ವಿಶ್ವವಿದ್ಯಾಲಯದ ಮೇಷ್ಟ್ರುಗಳು ಎಲ್ಲರೂ 1689ರ ಆಗಸ್ಟ್ 1ರೊಳಗೆ ಹೊಸ ರಾಜ-ರಾಣಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಮಾಡದಿದ್ದರೆ ಅಮಾನತು. ಮತ್ತೆ ಆರು ತಿಂಗಳ ಗಡುವು, ಆಗಲೂ ಮಾಡದಿದ್ದರೆ ಕೆಲಸ ಹೋಯಿತು.

ಜೇಮ್ಸನ ಕೈಲಿ ಸೆರೆಮನೆ ಕಂಡು ಬಂದ ಬಿಷಪ್‌ಗಳು ಅವನ ವೈರಿಗೆ ಪ್ರಮಾಣ ಮಾಡೋಕೆ ಓಡಿ ಬರಬೇಕಿತ್ತು ಅಲ್ವಾ? ಆ ಏಳು ಜನರಲ್ಲಿ ಐದು ಜನ ಬರಲಿಲ್ಲ. ಸ್ಯಾಂಕ್ರಾಫ್ಟ್, ಈಲಿಯ ಟರ್ನರ್, ಚಿಚೆಸ್ಟರ್‌ನ ಲೇಕ್, ಪೀಟರ್‌ಬರೋದ ವೈಟ್, ಬಾತ್ ಅಂಡ್ ವೆಲ್ಸ್‌ನ ಥಾಮಸ್ ಕೆನ್. ಇವರ ಜೊತೆ ಇನ್ನೂ ನಾಲ್ಕು ಬಿಷಪ್‌ಗಳು, ಸುಮಾರು 400 ಪಾದ್ರಿಗಳು. ಚರಿತ್ರೆಯಲ್ಲಿ ಇವರ ಹೆಸರು ನಾನ್‌ಜ್ಯೂರರ್ಸ್. ಪ್ರಮಾಣ ಮಾಡದವರು ಅಂತ ಅರ್ಥ.

ಅವರ ವಾದ ಪುಣ್ಯಕೋಟಿಯ ಹಾಡು ಕೇಳಿ ಬೆಳೆದ ನಮಗೆ ಬೇಗ ಅರ್ಥ ಆಗುತ್ತೆ. ಮಾತು ಕೊಟ್ಟಿದ್ದೇವೆ. ಯಾರಿಗೆ ಕೊಟ್ಟೆವು, ಅವನು ಹುಲಿಯೋ ಹಸುವೋ ಅನ್ನೋದು ಆಮೇಲಿನ ಮಾತು. ಜೇಮ್ಸ್ ಕೆಟ್ಟ ಅಪ್ಪಣೆ ಕೊಟ್ಟಾಗ ಅದನ್ನು ಪಾಲಿಸಲ್ಲ ಅಂದೆವು, ಜೈಲಿಗೂ ಹೋದೆವು. ಆದರೆ ಅಪ್ಪಣೆ ಮೀರುವುದು ಬೇರೆ, ದೇವರ ಮುಂದೆ ಅವನಿಗೆ ಮಾಡಿದ ಪ್ರಮಾಣವನ್ನೇ ವಾಪಸ್ ತಗೊಳ್ಳೋದು ಬೇರೆ. ಅವನು ಓಡಿಹೋದರೂ ಬದುಕಿದ್ದಾನೆ. ಅವನು ಬದುಕಿರುವಾಗ ಇನ್ನೊಬ್ಬನಿಗೆ ಅದೇ ಮಾತು ಹೇಗೆ ಕೊಡೋದು?

ಸ್ಯಾಂಕ್ರಾಫ್ಟ್‌ಗೆ ಇದು ಹೊಸದಲ್ಲ. 1649ರಲ್ಲಿ ರಾಜನ ತಲೆ ಕಡಿದ ಮೇಲೆ ಬಂದ ಗಣರಾಜ್ಯವೂ ಹೀಗೇ ಒಂದು ನಿಷ್ಠಾವಚನ ಕೇಳಿತ್ತು. ಕೊಡಲಿಲ್ಲ ಅಂತ 1651ರಲ್ಲಿ ಕೇಂಬ್ರಿಜ್‌ನ ಎಮ್ಯಾನುಯಲ್ ಕಾಲೇಜಿನ ಕೆಲಸ ಕಳಕೊಂಡಿದ್ದರು. ಆಗ ಮೂವತ್ತು ದಾಟಿದ ಪ್ರಾಯ. ಈಗ ಎಪ್ಪತ್ತು ದಾಟಿತ್ತು. 1666ರ ಮಹಾ ಬೆಂಕಿಯ ಕಾಲಕ್ಕೆ ಸೇಂಟ್ ಪಾಲ್ ಕೆಥೆಡ್ರಲಿನ ಡೀನ್ ಆಗಿದ್ದು, ಅದನ್ನು ಮತ್ತೆ ಕಟ್ಟುವ ಕೆಲಸಕ್ಕೆ ಕೈಹಚ್ಚಿದ ಮನುಷ್ಯ. ದೊಡ್ಡ ಮಾತುಗಾರ ಅಲ್ಲ, ಜಗಳಗಂಟ ಅಂತೂ ಅಲ್ಲವೇ ಅಲ್ಲ. ಹೊಸ ದೊರೆಗಳಿಗೆ ಕಿರೀಟ ಇಡೋದಕ್ಕೆ ಅವರು ಹೋಗಲಿಲ್ಲ, ಆ ಕೆಲಸ ಕಾಂಪ್ಟನ್ ಮಾಡಬೇಕಾಯಿತು. ಮೇರಿ ಆಶೀರ್ವಾದ ಕೇಳಿ ಕಳಿಸಿದಾಗ, ಮೊದಲು ನಿನ್ನ ಅಪ್ಪನ ಆಶೀರ್ವಾದ ತಗೊಂಡು ಬಾ ಅಂದರಂತೆ ಎಂಬ ಕತೆಯೂ ಇದೆ.

ಹಾಗಂತ ಅವರದು ಕಲ್ಲಿನ ಹಟ ಅಂತ ತಿಳೀಬೇಡಿ. ವಿಲಿಯಂ ಆರಿಸಿದ ಗಿಲ್ಬರ್ಟ್ ಬರ್ನೆಟ್‌ನನ್ನು ಬಿಷಪ್ ಆಗಿ ಅಭಿಷೇಕಿಸುವ ಹೊತ್ತು ಬಂದಾಗ ತಾವು ಕೈ ಇಡಲಿಲ್ಲ. ಆದರೆ ಬೇರೆ ಬಿಷಪ್‌ಗಳು ತಮ್ಮ ಪರವಾಗಿ ಮಾಡಬಹುದು ಎಂದು ಅಧಿಕಾರಪತ್ರ ಬರೆದುಕೊಟ್ಟರು! ಮಾಡಲಾರೆ, ತಡೆಯಲೂ ಆರೆ. ಮನಸ್ಸಾಕ್ಷಿಗೂ ಸಭೆಗೂ ನಡುವೆ ಸಿಕ್ಕಿಬಿದ್ದ ಮುದುಕನೊಬ್ಬ ಮಾಡೋದು ಹೀಗೇ ಇರುತ್ತದೆ.

1690ರ ಫೆಬ್ರವರಿಯಲ್ಲಿ ಕೆಲಸ ಹೋಯಿತು. ಅಷ್ಟರೊಳಗೆ ಒಂಬತ್ತರಲ್ಲಿ ಮೂವರು ಬಿಷಪ್‌ಗಳು ತೀರಿಕೊಂಡಿದ್ದರು, ಉಳಿದವರು ಆರು. ಸ್ಯಾಂಕ್ರಾಫ್ಟ್ ಲ್ಯಾಂಬೆತ್ ಅರಮನೆ ಬಿಟ್ಟು ಕದಲಲಿಲ್ಲ. 1691ರ ಮೇ 31ರಂದು ಅವರ ಜಾಗಕ್ಕೆ ಜಾನ್ ಟಿಲ್ಲಟ್ಸನ್ ಅಭಿಷೇಕವಾಯಿತು. ಜೂನ್‌ನಲ್ಲಿ ಕೋರ್ಟಿನ ಆದೇಶ ಬಂದ ಮೇಲೆ ಹಳೇ ಆರ್ಚ್‌ಬಿಷಪ್ ಹೊರಟರು, ತಾವು ಹುಟ್ಟಿದ ಸಫೋಕ್ ಸೀಮೆಯ ಫ್ರೆಸಿಂಗ್‌ಫೀಲ್ಡ್ ಹಳ್ಳಿಗೆ. ಅಲ್ಲಿ ಒಂದು ಸಣ್ಣ ಮನೆ ಕಟ್ಟಿಸಿಕೊಂಡು, 1693ರ ನವೆಂಬರ್‌ನಲ್ಲಿ ತೀರಿಕೊಂಡರು.

ಈಗ ಇನ್ನೊಂದು ಕಡೆಗೂ ನ್ಯಾಯ ಸಲ್ಲಿಸಬೇಕು. ಪ್ರಮಾಣ ಮಾಡಿದವರೆಲ್ಲ ಹೊಟ್ಟೆಪಾಡಿನವರು, ಮಾಡದವರೆಲ್ಲ ಹರಿಶ್ಚಂದ್ರರು ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ, ಆದರೆ ಸುಳ್ಳಾಗುತ್ತೆ. ಹೆಚ್ಚಿನ ಪಾದ್ರಿಗಳು ಪ್ರಮಾಣ ಮಾಡಿದರು. ಅವರ ವಾದಕ್ಕೂ ತೂಕವಿತ್ತು. ರಾಜ ದೇಶ ಬಿಟ್ಟು ಓಡಿದ್ದಾನೆ, ಗಾದಿ ಬರಿದಾಗಿದೆ. ನಮ್ಮ ಕೈಲಿ ಹಳ್ಳಿಯ ಜನ ಇದ್ದಾರೆ. ನಾವು ಎದ್ದು ಹೋದರೆ ಮಗುವಿಗೆ ದೀಕ್ಷಾಸ್ನಾನ, ಸತ್ತವರಿಗೆ ಮಣ್ಣು ಯಾರು ಕೊಡೋದು? ಕುರಿ ಬಿಟ್ಟು ಹೋಗೋದೂ ನಿಯತ್ತೇ?

ಟಿಲ್ಲಟ್ಸನ್ ಕೂಡ ಆಸೆಯಿಂದ ಬಂದವರಲ್ಲ. ಬೇಡ ಬೇಡ ಅಂತ ತಿಂಗಳುಗಟ್ಟಲೆ ರಾಜನ ಮುಂದೆ ತಪ್ಪಿಸಿಕೊಂಡು ಕೊನೆಗೆ ಒಪ್ಪಿದವರು. ಬಂದ ಮೇಲೆ ಬೈಗುಳದ ಮಳೆ. ಮೂರೂವರೆ ವರ್ಷಕ್ಕೆ ತೀರಿಹೋದರು. ವಿಲಿಯಂ ಬೆವರಿಜ್ ಎಂಬ ಇನ್ನೊಬ್ಬ ಪಂಡಿತರು ಪ್ರಮಾಣವನ್ನೇನೋ ಮಾಡಿದ್ದರು. ಆದರೆ ಕೆನ್ ಅವರ ಪೀಠ ಕೊಡ್ತೀವಿ ಅಂದಾಗ ಮೊದಲು ಹೂಂ ಅಂದು, ಆಮೇಲೆ ಒದ್ದಾಡಿ ಒಲ್ಲೆ ಅಂದರು. ಕೂತವನು ಇನ್ನೂ ಬದುಕಿರುವಾಗ ಆ ಕುರ್ಚಿಯಲ್ಲಿ ಕೂರಲಾರೆ ಅಂತ.

ನೋಡಿ, ಇಡೀ ಜಗಳದ ತಿರುಳು ಇದು. ಕುರ್ಚಿ ಖಾಲಿಯಾಗಿದೆಯೇ? ಪಾರ್ಲಿಮೆಂಟ್ ಹೇಳಿದ ಮಾತ್ರಕ್ಕೆ ಬಿಷಪ್ ಬಿಷಪ್ ಅಲ್ಲದೆ ಹೋಗ್ತಾನಾ? ಹೌದು ಅಂದರೆ ಚರ್ಚು ಸರ್ಕಾರದ ಇನ್ನೊಂದು ಇಲಾಖೆ. ಅಲ್ಲ ಅಂದರೆ ಹೊಸದಾಗಿ ಕೂತವನು ಅತಿಕ್ರಮಣಕಾರ, ಅವನ ಜೊತೆ ಪ್ರಾರ್ಥನೆಗೆ ನಿಲ್ಲೋದೂ ಪಾಪ. ರಾಜಕೀಯ ಪ್ರಮಾಣದಿಂದ ಶುರುವಾದ ಪ್ರಶ್ನೆ ಹೀಗೆ ಸಭೆಯ ಬುಡಕ್ಕೇ ಬಂದು ನಿಂತಿತು.

ನಡುವೆ ಒಂದು ತಮಾಷೆಯೂ ನಡೆಯಿತು. ಟೆಂಪಲ್ ಚರ್ಚಿನ ವಿಲಿಯಂ ಶೆರ್ಲಾಕ್ ಮೊದಲು ಪ್ರಮಾಣ ಮಾಡದ ಗುಂಪಿನ ದೊಡ್ಡ ದನಿ. 1690ರಲ್ಲಿ ಸ್ಯಾಂಕ್ರಾಫ್ಟ್ ತಮ್ಮವರಿಗೆ ಬಲ ಬರಲಿ ಅಂತ ಬಿಷಪ್ ಓವರಲ್ ಅವರ ಕಾಲದ ಒಂದು ಹಳೇ ಹಸ್ತಪ್ರತಿಯನ್ನು ಅಚ್ಚು ಹಾಕಿಸಿದರು. ಬಂಡಾಯದಿಂದ ಬಂದ ಸರ್ಕಾರವೂ ಪೂರ್ತಿ ನೆಲೆಗೊಂಡ ಮೇಲೆ ಅದಕ್ಕೆ ವಿಧೇಯರಾಗಬೇಕು ಎಂಬ ಅರ್ಥದ ಮಾತೊಂದು ಅದರೊಳಗೇ ಇತ್ತು! ಶೆರ್ಲಾಕ್ ಅದನ್ನು ಹಿಡಿದುಕೊಂಡು, ಆಹಾ, ಕಣ್ಣು ತೆರೆಯಿತು ಅಂತ ಪ್ರಮಾಣ ಮಾಡಿಬಿಟ್ಟರು. ಅದೇ ಬೇಸಿಗೆಯಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ಹತ್ತಿರ ಜೇಮ್ಸ್ ಸೋತಿದ್ದ. ಮರುವರ್ಷ ಶೆರ್ಲಾಕ್ ಸೇಂಟ್ ಪಾಲ್ ಕೆಥೆಡ್ರಲಿನ ಡೀನ್. ಕಣ್ಣು ತೆರೆಸಿದ್ದು ಪುಸ್ತಕವೋ ಬಾಯ್ನ್ ಯುದ್ಧವೋ ಹೆಂಡತಿಯೋ ಅಂತ ಲಂಡನ್ನಿನ ಲಾವಣಿಕಾರರು ವರ್ಷಗಟ್ಟಲೆ ಆಡಿಕೊಂಡರು.

ನಗೋದು ಸುಲಭ. ಪ್ರಮಾಣ ಮಾಡದವರ ಮನೆಗಳಲ್ಲಿ ಏನಾಗ್ತಿತ್ತು ಅಂತ ನೋಡಿದರೆ ನಗು ನಿಲ್ಲುತ್ತೆ. ಹಳ್ಳಿ ಪಾದ್ರಿಗೆ ಮನೆಯೂ ಚರ್ಚಿನದೇ, ಊಟವೂ ಚರ್ಚಿನದೇ. ಕೆಲಸ ಹೋದ ದಿನ ಹೆಂಡತಿ ಮಕ್ಕಳ ಸಮೇತ ಬೀದಿಗೆ. ಈ ಕುಟುಂಬಗಳಿಗಾಗಿ ಹಣ ಕೂಡಿಸೋಣ ಅಂತ ಪದಚ್ಯುತ ಬಿಷಪ್‌ಗಳು ಒಂದು ಮನವಿಪತ್ರ ಹೊರಡಿಸಿದ್ದಕ್ಕೆ 1696ರಲ್ಲಿ ಥಾಮಸ್ ಕೆನ್ ಅವರನ್ನು ಪ್ರಿವಿ ಕೌನ್ಸಿಲ್ ಕರೆಸಿ ವಿಚಾರಿಸಿತು. ಭಿಕ್ಷೆ ಎತ್ತಿದ್ದೇ ಅಪರಾಧ!

ಈ ಕೆನ್ ಅವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಂಗ್ಲಿಷ್ ಚರ್ಚುಗಳಲ್ಲಿ ಇವತ್ತಿಗೂ ಹಾಡುವ ಬೆಳಗಿನ ಮತ್ತು ಸಂಜೆಯ ಕೀರ್ತನೆಗಳನ್ನು ಬರೆದವರು ಇವರು. ವಿಂಚೆಸ್ಟರ್‌ನಲ್ಲಿದ್ದಾಗ ರಾಜ ಎರಡನೇ ಚಾರ್ಲ್ಸ್ ಬಂದು, ತನ್ನ ಪ್ರೇಯಸಿ ನೆಲ್ ಗ್ವಿನ್‌ಗೆ ಇಳಿದುಕೊಳ್ಳಲು ಇವರ ಮನೆ ಬಿಟ್ಟುಕೊಡಿ ಅಂದಾಗ ಬಾಗಿಲು ತೆರೆಯದವರು. ಚಾರ್ಲ್ಸ್ ಸಿಟ್ಟಾಗಲಿಲ್ಲ, ಮುಂದೆ ಬಿಷಪ್ ಪದವಿ ಖಾಲಿಯಾದಾಗ ಇವರನ್ನೇ ಹುಡುಕಿ ಕೊಟ್ಟ. ಅಂಥವರು 1691ರಲ್ಲಿ ತಮ್ಮ ವೆಲ್ಸ್ ಕೆಥೆಡ್ರಲಿನ ಪೀಠದಲ್ಲಿ ಕೂತು, ಈಗಲೂ ನಾನೇ ಇಲ್ಲಿನ ಬಿಷಪ್ ಎಂದು ಎಲ್ಲರ ಮುಂದೆ ಹೇಳಿ ಎದ್ದು ಹೋದರು. ಇದ್ದ ಬದ್ದ ಸಾಮಾನು ಮಾರಿ ಬಂದ 700 ಪೌಂಡನ್ನು ಗೆಳೆಯ ಲಾರ್ಡ್ ವೇಮತ್ ಕೈಗೆ ಕೊಟ್ಟರು. ಆತ ವರ್ಷಕ್ಕೆ 80 ಪೌಂಡಿನ ಹಾಗೆ ಕೊಡುತ್ತ, ಲಾಂಗ್‌ಲೀಟ್ ಎಂಬ ತನ್ನ ಬಂಗಲೆಯ ಮಾಳಿಗೆಯಲ್ಲಿ ಇಪ್ಪತ್ತು ವರ್ಷ ಇಟ್ಟುಕೊಂಡ.

ಪ್ರಮಾಣ ಮಾಡದವರಲ್ಲೇ ಎರಡು ದಾರಿ ಒಡೆದದ್ದು ಆಮೇಲೆ. ಮೊದಲ ದಾರಿ ಜಾರ್ಜ್ ಹಿಕ್ಸ್ ಅವರದು. ನಾವೇ ನಿಜವಾದ ಚರ್ಚು, ನಮ್ಮ ಬಿಷಪ್‌ಗಳು ಸತ್ತರೆ ಪರಂಪರೆ ನಿಂತುಹೋಗಬಾರದು ಅನ್ನೋ ವಾದ. ಫ್ರಾನ್ಸಿನಲ್ಲಿದ್ದ ಜೇಮ್ಸನ ಒಪ್ಪಿಗೆ ತಂದು 1694ರ ಫೆಬ್ರವರಿಯಲ್ಲಿ ಹಿಕ್ಸ್ ಮತ್ತು ಥಾಮಸ್ ವ್ಯಾಗ್‌ಸ್ಟಾಫ್ ಇಬ್ಬರಿಗೆ ಗುಟ್ಟಾಗಿ ಬಿಷಪ್ ಅಭಿಷೇಕ ಮಾಡಿದರು. ಪಕ್ಕದ ಕುರ್ಚಿ ಬಂದೇಬಿಡ್ತು.

ಎರಡನೇ ದಾರಿ ಕೆನ್ ಮತ್ತು ಗ್ಲಾಸ್ಟರ್‌ನ ರಾಬರ್ಟ್ ಫ್ರಾಂಪ್ಟನ್ ಅವರದು. ನಮ್ಮ ಬಾಯಿಂದ ಪ್ರಮಾಣ ಬರಲ್ಲ, ಅದರ ಶಿಕ್ಷೆ ನಾವು ಉಣ್ತೀವಿ. ಆದರೆ ಈ ಒಡಕು ನಮ್ಮ ಜೊತೆಗೇ ಸಾಯಲಿ, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗೋದು ಬೇಡ. ಫ್ರಾಂಪ್ಟನ್ ತಮ್ಮ ಸ್ಟ್ಯಾಂಡಿಶ್ ಹಳ್ಳಿಯ ಚರ್ಚಿಗೆ ಸುಮ್ಮನೆ ಹೋಗಿ ಎಲ್ಲರ ಜೊತೆ ಕೂರ್ತಿದ್ದರು, ಮಧ್ಯಾಹ್ನ ಮಕ್ಕಳಿಗೆ ಪಾಠ ಹೇಳಿಕೊಡ್ತಿದ್ದರು. ನಿನ್ನೆ ಮೊನ್ನೆವರೆಗೆ ಆ ಸೀಮೆಗೆಲ್ಲ ಬಿಷಪ್ ಆಗಿದ್ದವರು!

1703ರ ನವೆಂಬರ್ 26ರ ರಾತ್ರಿ ಇಂಗ್ಲೆಂಡ್ ಹಿಂದೆಂದೂ ಕಾಣದ ಬಿರುಗಾಳಿ ಬೀಸಿತು. ವೆಲ್ಸ್ ಅರಮನೆಯ ಚಿಮಣಿ ಕುಸಿದು, ಕೆನ್ ಜಾಗದಲ್ಲಿ ಕೂತಿದ್ದ ಬಿಷಪ್ ರಿಚರ್ಡ್ ಕಿಡ್ಡರ್ ಮತ್ತು ಅವರ ಹೆಂಡತಿ ಮಲಗಿದ್ದಲ್ಲೇ ಸತ್ತರು. ಅದೇ ರಾತ್ರಿ ಕೆನ್ ಬೇರೊಂದು ಹಳ್ಳಿಯಲ್ಲಿ ಸಂಬಂಧಿಕರ ಮನೆಯಲ್ಲಿದ್ದರು. ಆ ಮನೆಯೂ ನಡುಗಿತು, ಆದರೆ ನಿಂತಿತು. ಬೇಕಿದ್ದರೆ ದೇವರ ತೀರ್ಪು ಅಂತ ಡಂಗುರ ಹೊಡೆಸಬಹುದಾಗಿತ್ತು.

ಅವರು ಮಾಡಿದ್ದು ಇನ್ನೊಂದು. ಆ ಹೊತ್ತಿಗೆ ರಾಣಿಯಾಗಿದ್ದ ಆನ್, ಕೆನ್ ಅವರ ಹಳೇ ಗೆಳೆಯ ಜಾರ್ಜ್ ಹೂಪರ್‌ಗೆ ಆ ಪೀಠ ಕೊಡಲು ಹೊರಟಳು. ಅದು ಕೆನ್ ಅವರದು, ಅವರಿಗೇ ವಾಪಸ್ ಕೊಡಿ ಅಂತ ಹೂಪರ್ ಹಟ ಹಿಡಿದರು. ಕೆನ್ ತಾವೇ ಗೆಳೆಯನಿಗೆ ಒತ್ತಾಯ ಮಾಡಿ ಒಪ್ಪಿಸಿದರು, ತಮ್ಮ ಹಕ್ಕು ಬಿಟ್ಟುಕೊಟ್ಟರು, ಹೆಸರಿನ ಮುಂದೆ ಬಾತ್ ಅಂಡ್ ವೆಲ್ಸ್ ಅಂತ ಬರೆಯೋದನ್ನೂ ನಿಲ್ಲಿಸಿದರು. ಪ್ರಮಾಣವನ್ನು ಮಾತ್ರ ಆಗಲೂ ಮಾಡಲಿಲ್ಲ. ಮನಸ್ಸಾಕ್ಷಿಯನ್ನು ಇಟ್ಟುಕೊಂಡು ಕುರ್ಚಿಯನ್ನು ಕೊಟ್ಟುಬಿಟ್ಟರು. ಅವರ ಗುಂಪಿನ ಕಟ್ಟಾಳುಗಳು ದ್ರೋಹ ಅಂತ ಕೂಗಾಡಿದರು.

ನಾರಿಚ್‌ನ ಪದಚ್ಯುತ ಬಿಷಪ್ ಲಾಯ್ಡ್ 1710ರ ಮೊದಲ ದಿನ ತೀರಿಕೊಂಡಾಗ, ಹಳಬರಲ್ಲಿ ಉಳಿದದ್ದು ಕೆನ್ ಒಬ್ಬರೇ. ಆಕ್ಸ್‌ಫರ್ಡಿನ ಇತಿಹಾಸದ ಪೀಠ ಕಳಕೊಂಡಿದ್ದ ಹೆನ್ರಿ ಡಾಡ್ವೆಲ್ ಆಗ ಹೇಳಿದ್ದು ಹೀಗೆ: ಹಕ್ಕಿದ್ದವರು ಸತ್ತರು, ಬದುಕಿರುವ ಒಬ್ಬರು ಬಿಟ್ಟುಕೊಟ್ಟಿದ್ದಾರೆ. ಈಗ ಕುರ್ಚಿಗಳು ನಿಜಕ್ಕೂ ಖಾಲಿ. ಕೂತವರು ಇನ್ನು ಅತಿಕ್ರಮಣಕಾರರಲ್ಲ. ಆ ವರ್ಷವೇ ಅವರೂ ರಾಬರ್ಟ್ ನೆಲ್ಸನ್ ಎಂಬ ಗೆಳೆಯರೂ ಊರ ಚರ್ಚಿಗೆ ಮರಳಿದರು. ಇಪ್ಪತ್ತು ವರ್ಷದ ಮೇಲೆ ಮತ್ತೆ ಎಲ್ಲರ ಜೊತೆ ಪ್ರಭುಭೋಜನ. ಕೆನ್ ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಫ್ರೋಮ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಮಣ್ಣು ಮಾಡಿದರು.

ಪಕ್ಕದ ಕುರ್ಚಿಯವರ ಕತೆ? ಅವರು ನಿಲ್ಲಿಸಲಿಲ್ಲ. 1713ರಲ್ಲಿ ಮತ್ತೆ ಮೂವರಿಗೆ ಅಭಿಷೇಕ. 1716ರ ಹೊತ್ತಿಗೆ ಪ್ರಭುಭೋಜನದ ದ್ರಾಕ್ಷಾರಸಕ್ಕೆ ನೀರು ಬೆರೆಸಬೇಕೇ, ಸತ್ತವರಿಗಾಗಿ ಪ್ರಾರ್ಥಿಸಬೇಕೇ ಎಂಬ ಜಗಳ ಎದ್ದು ಅವರೇ ಎರಡಾದರು. ಗುಂಪು ಚಿಕ್ಕದಾದಷ್ಟೂ ಗೆರೆಗಳು ಹೆಚ್ಚಾದವು. ಅವರ ಕಡೆಯ ಬಿಷಪ್ ಐರ್ಲೆಂಡಿನಲ್ಲಿ ತೀರಿಕೊಂಡದ್ದು 1805ರಲ್ಲಿ. ಆ ಹೊತ್ತಿಗೆ ಜೇಮ್ಸನ ವಂಶದಲ್ಲಿ ಗಾದಿಗಾಗಿ ಹೋರಾಡುವವರೂ ಉಳಿದಿರಲಿಲ್ಲ.

ಹಾಗಾದರೆ ಎಲ್ಲ ವ್ಯರ್ಥವಾ? ಅಷ್ಟು ಬೇಗ ಹೇಳೋಕಾಗಲ್ಲ. ಸ್ಕಾಟ್ಲೆಂಡಿನ ಬಿಷಪ್‌ಗಳೂ 1689ರಲ್ಲಿ ವಿಲಿಯಂನನ್ನು ಒಪ್ಪದೆ ಎಲ್ಲ ಕಳಕೊಂಡಿದ್ದರು, ಸಭೆ ಸಣ್ಣದಾಗಿ ಉಳಿದುಕೊಂಡಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಆಂಗ್ಲಿಕನ್ನರು ಸ್ಯಾಮ್ಯುಯಲ್ ಸೀಬರಿಯನ್ನು ಬಿಷಪ್ ಆಗಲು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಅಡ್ಡಿ ಬಂದದ್ದು ಏನು ಗೊತ್ತಾ? ಪ್ರಮಾಣ! ಬಿಷಪ್ ಆಗುವವನು ಬ್ರಿಟನ್ನಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬುದು ಕಾನೂನು. ಅಮೆರಿಕದವನು ಹೇಗೆ ಮಾಡ್ತಾನೆ? ಸೀಬರಿ ಸ್ಕಾಟ್ಲೆಂಡಿಗೆ ಹೋದರು. ನೂರು ವರ್ಷ ಹಿಂದೆ ಪ್ರಮಾಣ ಒಲ್ಲೆ ಎಂದವರ ಉತ್ತರಾಧಿಕಾರಿಗಳು 1784ರ ನವೆಂಬರ್ 14ರಂದು ಆಬರ್ಡೀನ್‌ನಲ್ಲಿ ಅವರ ತಲೆಯ ಮೇಲೆ ಕೈ ಇಟ್ಟರು. ಇಂಗ್ಲೆಂಡಿನ ರಾಜನಿಗೆ ಸೇರದ ಆಂಗ್ಲಿಕನ್ ಸಭೆಯೂ ಇರಬಹುದು ಎಂಬುದು ಲೋಕಕ್ಕೆ ತಿಳಿದದ್ದು ಹೀಗೆ.

ನಮ್ಮ ಕಡೆಗೂ ಈ ಪ್ರಶ್ನೆ ಬಂತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ದಕ್ಷಿಣ ಭಾರತದ ಸಭೆ, ಅಂದ್ರೆ ಸಿಎಸ್‌ಐ ಆಯಿತು. ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂಥ ಹಳೇ ಆಂಗ್ಲಿಕನ್ ಚರ್ಚುಗಳು ಹೊಸ ಬಿಷಪ್‌ಗಳ ಕೈಗೆ ಬಂದವು. ಆಂಗ್ಲಿಕನ್ ಕ್ರಮದ ಬಿಷಪ್ ಕೈಯಿಡದ ಪಾದ್ರಿಗಳನ್ನು ಒಪ್ಪಿಕೊಂಡರಲ್ಲಾ ಅಂತ ಇಂಗ್ಲೆಂಡಿನಲ್ಲಿ ಕೆಲವರಿಗೆ ಸಂಕಟ. ಕವಿ ಟಿ. ಎಸ್. ಎಲಿಯಟ್ ಇದರ ವಿರುದ್ಧ ಕಿರುಹೊತ್ತಗೆಯನ್ನೇ ಬರೆದಿದ್ದರು. ಆಂಧ್ರದ ನಂದ್ಯಾಲ ಸೀಮೆಯ ಅನೇಕ ಆಂಗ್ಲಿಕನ್ನರು ಹೊರಗೇ ಉಳಿದು, 1970ರ ದಶಕದಲ್ಲಿ ಒಳಗೆ ಬಂದರು.

ಆದರೆ ಈ ಸಲ ಒಂದು ಬುದ್ಧಿವಂತಿಕೆ ನಡೆದಿತ್ತು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನು ಹೇರುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದರು. ಹಳೇ ವ್ಯತ್ಯಾಸಗಳು ತಾವಾಗಿ ಕರಗಲಿ ಅಂತ ಮೂವತ್ತು ವರ್ಷದ ಕಾಲಾವಕಾಶ ಇಟ್ಟಿದ್ದರು. ಅಂದರೆ ಆಗಸ್ಟ್ 1ರ ಗಡುವು ಇರಲಿಲ್ಲ. 1689ರಲ್ಲಿ ವಿಲಿಯಂ ಸರ್ಕಾರ ಸ್ಯಾಂಕ್ರಾಫ್ಟ್‌ನಂಥ ಮುದುಕರನ್ನು ಪ್ರಮಾಣ ಕೇಳದೆ ಹಾಗೇ ಬಿಟ್ಟಿದ್ದರೆ, ಹತ್ತಿಪ್ಪತ್ತು ವರ್ಷದಲ್ಲಿ ಸಮಸ್ಯೆ ತಾನಾಗಿ ತೀರುತ್ತಿತ್ತು. ಕೊನೆಗೂ ಅದು ಹಾಗೇ ತಾನೇ ತೀರಿದ್ದು?

ಈಗ ಕ್ಯಾಂಟರ್‌ಬರಿಯ ಸುದ್ದಿ ಬಂದಾಗಲೆಲ್ಲ ಬಿಡ್ತೀವಿ, ಒಡೀತೀವಿ, ನಾವೇ ನಿಜವಾದವರು ಅನ್ನೋ ಮಾತು ಕೇಳಿಸುತ್ತೆ. ಅದಕ್ಕೆ ಉತ್ತರವಾಗಿ ಒಪ್ಪದವರು ತೊಲಗಲಿ ಅನ್ನೋ ಮಾತೂ ಅಷ್ಟೇ ಜೋರಾಗಿ ಕೇಳಿಸುತ್ತೆ. ನನಗೆ ಮಾತ್ರ ಸ್ಟ್ಯಾಂಡಿಶ್ ಚರ್ಚಿನ ಬೆಂಚಿನ ಮೇಲೆ ಕೂತ ಫ್ರಾಂಪ್ಟನ್ ನೆನಪಾಗ್ತಾರೆ. ಪ್ರಾರ್ಥನೆಯಲ್ಲಿ ರಾಜ ವಿಲಿಯಂನ ಹೆಸರು ಬರುತ್ತೆ. ಅದಕ್ಕೆ ಅವರ ಮನಸ್ಸು ಆಮೆನ್ ಅನ್ನಲ್ಲ. ಆದರೂ ಅವರು ಎದ್ದು ಹೋಗಲ್ಲ. ಮಧ್ಯಾಹ್ನ ಮಕ್ಕಳು ಪಾಠಕ್ಕೆ ಬರ್ತಾರಲ್ಲ.